ಓಕಳಿಪುರದ ಹುಡುಗ ಬೆಳೆದುಬಿಟ್ಟ ವರ್ಷ

ಆಗೆಲ್ಲ ಮಳೆ ನಿಂತು ಬಿಸಿಲು ಹದವಾದೊಡನೆ ನಮ್ಮ ಕಡೆ ಹುಡುಗರ ಫುಟ್‌ಬಾಲ್ ಶುರುವಾಗುತ್ತಿತ್ತು. ಯಾರೂ ವಯಸ್ಸು ಕೇಳುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಹುಟ್ಟಿದ ತಾರೀಖೇ ಗೊತ್ತಿರುತ್ತಿರಲಿಲ್ಲ. ನೋಡುತ್ತಿದ್ದುದು ಎತ್ತರ. ಕೋಲಿಗೆ ಹೊಡೆದ ಅಡ್ಡಪಟ್ಟಿಗೆ ತಲೆ ತಾಗದಿದ್ದರೆ ಚಿಕ್ಕವರ ಕಪ್‌ಗೆ ಆಡಬಹುದಿತ್ತು.

ಇದನ್ನೆಲ್ಲ ನಡೆಸುವ ಕಮಿಟಿ ಸೇರುತ್ತಿದ್ದುದು ಶಂಕರಪುರಂನ ನಮ್ಮ ಮನೆಯ ಜಗುಲಿಯಲ್ಲಿ. ನಮ್ಮಪ್ಪ ಕಾರ್ಯದರ್ಶಿ. ಅವರ ಗೆಳೆಯ, ಚಿಕ್ಕಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಸಿದ್ಧಲಿಂಗಪ್ಪನವರು ಅಧ್ಯಕ್ಷರು. ಭಾನುವಾರ ಬೆಳಿಗ್ಗೆ ಅವರು ಮಗಳು ಗಿರಿಜೆಯನ್ನೂ ಕರೆತರುತ್ತಿದ್ದರು. ಜಗುಲಿಯಲ್ಲಿ ಯಾರಿಗೆ ಯಾರು ಎದುರಾಳಿ, ಯಾರು ರೆಫರಿ ಎಂಬ ವಾದ. ಒಳಗೆ ಅಮ್ಮ ಹುರಿಯುತ್ತಿದ್ದ ಕಾಫಿಬೀಜದ ಘಮ. ನಾನೂ ಗಿರಿಜೆಯೂ ಹಿತ್ತಲಲ್ಲಿ ಹುಣಸೆಬೀಜ ಉರುಳಿಸಿ ಚೌಕಾಬಾರ ಆಡುತ್ತಿದ್ದೆವು.

ಆ ವರ್ಷ ಓಕಳಿಪುರಂ ತಂಡದ ಮುನಿಯಪ್ಪನ ಆಟ ನೋಡಲೆಂದೇ ಚಾಮರಾಜಪೇಟೆಯ ಮೈದಾನದಲ್ಲಿ ಜನ ಸೇರುತ್ತಿದ್ದರು. ಶುರುವಿನಲ್ಲಿ ಅವನನ್ನು ಅಳೆದು ಸೇರಿಸಿಕೊಂಡವರು ಅಪ್ಪನೇ. ಫೈನಲ್‌ನ ದಿನ, ಅವನು ಎತ್ತರ ಮೀರಿದ್ದಾನೆಂದು ಎದುರು ತಂಡದವರು ತಕರಾರು ತೆಗೆದರು. ನಾನೂ ಗಿರಿಜೆಯೂ ಅಪ್ಪಂದಿರ ಜೊತೆ ಹೋಗಿದ್ದೆವು. ಕೋಲು ತಂದರು. ತಲೆ ತಾಗಿತು. ಅಷ್ಟರಲ್ಲಿ ಹುಡುಗ ಬೆರಳಿನಷ್ಟು ಬೆಳೆದುಬಿಟ್ಟಿದ್ದ.

"ಬೆಳೆಯೋ ಹುಡುಗ ಬೆಳೀದೆ ಇರ್ತಾನಾ? ಶುರುನಲ್ಲಿ ಅಳೆದದ್ದೇ ಅಳತೆ" ಎಂದರು ಅಪ್ಪ.

"ತಾಗ್ತು ಅಂದ್ರೆ ತಾಗ್ತು, ರಾಯರೇ. ಇವತ್ತು ಇವನನ್ನ ಬಿಟ್ರೆ ನಾಳೆ ಮೀಸೆ ಬಂದೋರೆಲ್ಲ ಬಂದು ನಿಲ್ತಾರೆ" ಎಂದರು ಸಿದ್ಧಲಿಂಗಪ್ಪನವರು.

"ಹಾಗಾದ್ರೆ ನಾನು ಮೋಸ ಮಾಡಿ ಸೇರಿಸ್ದೆ ಅಂತೀರಾ?"

"ನಾನು ಹಾಗಂದ್ನಾ?"

"ಅಂದ ಹಾಗೇ ಆಯ್ತು."

ಮುನಿಯಪ್ಪ ಕೋಲಿನ ಪಕ್ಕದಲ್ಲೇ, ಮೊಣಕಾಲು ತುಸು ಬಗ್ಗಿಸಿಕೊಂಡು ನಿಂತಿದ್ದ. "ಸಾರ್, ನಾನು ಆಡಲ್ಲ ಬಿಡಿ. ನೀವು ಜಗಳ ಆಡ್ಬೇಡಿ" ಎಂದ. ಇಬ್ಬರೂ ಅವನತ್ತ ತಿರುಗಿ ನೋಡಲಿಲ್ಲ.

ಫೈನಲ್ ನಡೆಯಲೇ ಇಲ್ಲ. ಅಪ್ಪ ಕಮಿಟಿ ಬಿಟ್ಟರು. ಅರ್ಧ ತಂಡಗಳು ಅವರ ಹಿಂದೆ ಹೊರಟವು. ಮರುವರ್ಷ ಎರಡು ಕಮಿಟಿ, ಎರಡು ಕಪ್. ಅಲ್ಲಿ ಆಡಿದವನು ಇಲ್ಲಿ ಆಡಕೂಡದೆಂದು ಎರಡೂ ಕಡೆ ಕಟ್ಟಪ್ಪಣೆ. ತಂಡಗಳು ಸಾಲದೆ ಕೊನೆಗೆ ಎರಡೂ ನಿಂತುಹೋದವು. ಮುನಿಯಪ್ಪ ಯಾವುದೋ ವರ್ಕ್‌ಶಾಪ್‌ಗೆ ಸೇರಿದನೆಂದು ಕೇಳಿದೆ. ಆಮೇಲೆ ಅವನು ಆಡಿದ್ದನ್ನು ಕಂಡವರಿಲ್ಲ.

ಗಿರಿಜೆ ಬರುವುದೂ ನಿಂತಿತು. ಒಮ್ಮೆ ಗಾಂಧಿಬಜಾರಿನಲ್ಲಿ ಸಿಕ್ಕಾಗ ಕೇಳಿದೆ, "ಯಾಕೇ ಬರಲ್ಲ?"

"ಅಪ್ಪಾಜಿ ಬೇಡ ಅಂದಿಲ್ಲ ಕಣೇ. ನಿಮ್ಮನೆಯೋರು ಒಂದು ಮಾತು ಕರೀಲಿ ಅಂತಾರೆ."

ಮನೆಗೆ ಬಂದು ಅಪ್ಪನಿಗೆ ಹೇಳಿದೆ. "ಅವರಿಗೇನು ನಮ್ಮನೆ ದಾರಿ ಮರೆತುಹೋಗಿದ್ಯಾ?" ಎಂದು ಪೇಪರ್ ಬಿಡಿಸಿದರು.

ಕೆಲವು ವರ್ಷಗಳ ಮೇಲೆ ಒಂದು ಸಂಜೆ ಬೀದಿಯಲ್ಲಿ ವಾಲಗ ಕೇಳಿಸಿತು. ಹೂವಿನ ಕಾರಿನಲ್ಲಿ ಗಿರಿಜೆ ಮದುಮಗಳಾಗಿ ಕೂತಿದ್ದಳು. ನಮಗೆ ಕರೆಯೋಲೆ ಬಂದಿರಲಿಲ್ಲ. ಅವಳು ನಮ್ಮ ಮನೆಯ ಕಡೆ ನೋಡಿದಳು. ಕಿಟಕಿಯಲ್ಲಿ ನಾನು ಕೈ ಎತ್ತುವಷ್ಟರಲ್ಲಿ ಕಾರು ತಿರುಗಿಬಿಟ್ಟಿತ್ತು. ಜಗುಲಿಯಲ್ಲಿ ಕೂತಿದ್ದ ಅಪ್ಪ ಎದ್ದು, ಮೆರವಣಿಗೆ ದಾಟುವವರೆಗೂ ನಿಂತೇ ಇದ್ದರು.

ಇಂದಿಗೂ ಯೋಚಿಸುತ್ತೇನೆ. ಆ ಇಬ್ಬರಲ್ಲಿ ಒಬ್ಬರದ್ದಾದರೂ ತಪ್ಪಿದ್ದಿದ್ದರೆ, ತಪ್ಪಾಯಿತು ಎಂದು ಹೇಳಿ ಮುಗಿಸುತ್ತಿದ್ದರೇನೋ. ಇಬ್ಬರು ಹೇಳಿದ್ದೂ ಸರಿಯೇ ಆಗಿತ್ತು. ಹಾಗಾಗಿಯೇ ಗಿರಿಜೆ ನನಗೆ ಮತ್ತೆ ಸಿಗಲಿಲ್ಲ.