ಬೆಳ್ಳಗಾದ ಇದ್ದಲು

ಗೊರೂರಿನ ಕಡೆಯ ದೊಡ್ಡತಾಯಮ್ಮನಂಥ ಇನ್ನೊಬ್ಬ ಹಟಮಾರಿಯನ್ನು ನಾನು ಕಂಡಿಲ್ಲ. ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಹಾಸನದ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಅರಕಲಗೂಡಿನ ಬಸ್ಸಿಗೆ ಇದ್ದಲು ಸುಟ್ಟುಕೊಡುತ್ತಿದ್ದವಳು ಈಕೆಯೇ.

ಸೌದೆ ಒಟ್ಟಿ ಮಣ್ಣು ಮೆತ್ತಿ ಸುಡುವ ಇದ್ದಲಿನ ಗೂಡಿನ ಹೊಗೆ ತಿಳಿನೀಲಿಗೆ ತಿರುಗಿದ ಕೂಡಲೇ ಅದರ ಬಾಯಿಯನ್ನು ಮಣ್ಣಿನಿಂದ ಮುಚ್ಚಬೇಕು. ಆತುರಪಟ್ಟರೆ ಒಳಗೆ ಅರೆಬೆಂದ ಸೌದೆ, ತಡಮಾಡಿದರೆ ಬೂದಿ. ಆ ಹೊತ್ತನ್ನು ಹೇಳುವವರು ಮನೆಗೊಬ್ಬರೇ, ಮಣ್ಣೆಳೆಯುವ ಅವರ ಗುದ್ದಲಿಯನ್ನು ಮತ್ತೊಬ್ಬರು ಮುಟ್ಟುವಂತಿಲ್ಲ. ಹೊಗೆ ನೋಡಿ ನೋಡಿ ಕಣ್ಣು ಮಂಜಾದಾಗ ದೊಡ್ಡತಾಯಮ್ಮ ಆ ಗುದ್ದಲಿಯನ್ನು ಸೊಸೆ ಚಿಕ್ಕಮ್ಮನ ಕೈಗಿತ್ತಳು. ಚಿಕ್ಕಮ್ಮ ಅದನ್ನು ತಾಳಿಯಷ್ಟೇ ಜೋಪಾನ ಮಾಡಿದಳು.

ಇದ್ದಲನ್ನು ಹಾಲಲ್ಲಿ ತೊಳೆದರೂ ಬೆಳ್ಳಗಾಗದು ಅನ್ನುತ್ತಾರೆ. ಆ ಆಷಾಢದಲ್ಲಿ ಆಯಿತು ನೋಡಿ! ಕೊಟ್ಟಿಗೆಯ ರಾಶಿಯ ಮೇಲೆಲ್ಲ ಬಿಳಿ ಬೂಜು, ನಡುನಡುವೆ ಅಣಬೆ. ಬಸ್ಸಿನ ಏಜೆಂಟ್ ಗಂಗಾಧರಯ್ಯ ಮುಖ ಸಿಂಡರಿಸಿದರು.

"ಅರೆಬೆಂದ ಸೌದೆ ಕಣಮ್ಮ ಇದು. ಇದ್ದಲಿಗೆಲ್ಲಾದ್ರೂ ಅಣಬೆ ಬತ್ತದಾ?"

ದೊಡ್ಡತಾಯಮ್ಮ ಸೊಸೆಯ ಕಡೆ ಕೈ ಚಾಚಿದಳು. "ಕೊಡು ಗುದ್ದಲಿಯ. ಒಗೆ ನೋಡೋ ಕಣ್ಣು ನಿಂಗಿಲ್ಲ."

ಆ ಮಾತು ಚಿಕ್ಕಮ್ಮನಿಗೆ ನಾಟಿತು. ಆದರೂ ಅವಳು ಅಳುವ ಜಾತಿಯಲ್ಲ. "ಕೊಡ್ತೀನಿ ಅತ್ತೆ. ಮೊದ್ಲು ಇದ್ನ ನೋಡಿ" ಎಂದು ಬೂಜು ಹಿಡಿದ ತುಂಡೊಂದನ್ನು ಕಲ್ಲಿಗೆ ಕುಟ್ಟಿದಳು. ಠಣ್ಣೆಂದು ಮುರಿಯಿತು. ಒಳಗೆಲ್ಲ ಹೊಳೆಯುವ ಕಪ್ಪು, ಬಿಳಿ ಎಳೆ ಬಿರುಕಿನಲ್ಲಿ ಮಾತ್ರ. ಆಮೇಲೆ ಸೆರಗು ಬಿಗಿದು, ಅದೇ ಗುದ್ದಲಿಯಿಂದ ರಾಶಿಯನ್ನು ತಳದವರೆಗೂ ಎಳೆದುಹಾಕಿದಳು.

ತಳದಲ್ಲಿ ಮಾವಿನ ದಿಮ್ಮಿಗಳಿದ್ದವು. ಊರಿನವರೆಲ್ಲ ಇದ್ದಲಿನಡಿಗೆ ಕಲ್ಲು ಹಾಸಿದರೆ, ತೇವ ತಗಲದಿರಲೆಂದು ದಿಮ್ಮಿ ಹಾಸುವುದು ದೊಡ್ಡತಾಯಮ್ಮನ ತವರಿನ ಕ್ರಮ. ಯಾರ ಮಾತನ್ನೂ ಕೇಳದೆ ತಾನೇ ಹಾಸಿದ್ದಳು. ಅವು ಕೊಳೆತು ಮೆತ್ತಗಾಗಿದ್ದವು. ಹತ್ತಿಯಂಥ ಬಿಳಿ ಎಳೆಗಳು ಅಲ್ಲಿಂದಲೇ ಇದ್ದಲಿಗೆ ಹತ್ತಿದ್ದವು.

"ಬೂಜಿಗೆ ತಿನ್ನಾಕೆ ಕೆಳ್ಗೆ ಮರ ಐತೆ ಅತ್ತೆ. ಇದ್ದಲು ಬರೀ ಅದು ಅತ್ತೋ ಏಣಿ."

ಗಂಗಾಧರಯ್ಯನವರು ಅನುಮಾನದಿಂದಲೇ ಒಂದು ಬುಟ್ಟಿಯನ್ನು ಬಿಸಿಲಿಗಾರಿಸಿ ಬಸ್ಸಿನ ಒಲೆಗೆ ಸುರಿಸಿದರು. ಬಸ್ಸು ಅರಕಲಗೂಡಿನ ಏರನ್ನು ಗೊಣಗದೆ ಹತ್ತಿತು. ಮಿಕ್ಕ ರಾಶಿಯನ್ನೂ ಅವರೇ ಕೊಂಡೊಯ್ದರು.

ದೊಡ್ಡತಾಯಮ್ಮ ತಪ್ಪಾಯಿತೆನ್ನಲಿಲ್ಲ. ಅನ್ನುವ ಹೆಂಗಸೇ ಅವಳು? ದಿಮ್ಮಿಗಳನ್ನು ಮಾತ್ರ ತಾನೇ ಹೊತ್ತು ಹೊರಗೆಸೆದಳು. ಮುಂದಿನ ಗೂಡು ಹೊಗೆಯಾಡುವಾಗ ಗಂಗಾಧರಯ್ಯನವರು ಅಭ್ಯಾಸದಂತೆ ಅವಳನ್ನೇ ಕೇಳಿದರು, "ಬಾಯಿ ಮುಚ್ಚೋದು ಯಾವಾಗ?"

ಅವಳು ಎಲೆಯಡಿಕೆ ಮಡಚುತ್ತ ತಲೆಯನ್ನೂ ಎತ್ತಲಿಲ್ಲ.

"ನನ್ನ್ಯಾಕೆ ಕೇಳೀರಿ ಸಾ? ಗುದ್ದಲಿ ಅವಳ ಕೈಲೈತಲ್ಲ."