ಹಾರ್ಮೋನಿ ಬಿಟ್ಟ ಯಂಕೋಬ

ದೇವದುರ್ಗದ ಅಂಚೆ ಕಚೇರಿಯಲ್ಲಿ ಯಂಕೋಬ ತಾರು, ಅಂದರೆ ತಂತಿ ಸುದ್ದಿ, ಹಂಚುವ ಜವಾನ. ಆ ಕಾಲದಲ್ಲಿ ತಾರು ಎಂದರೆ ಸಾವಿನ ಸುದ್ದಿ ಎಂದೇ ಜನ ನಂಬಿದ್ದರು. ಅವನ ಸೈಕಲ್ಲು ಓಣಿಯೊಳಗೆ ತಿರುಗಿದರೆ ಸಾಕು, ಹೆಂಗಸರು ಒಲೆ ಬಿಟ್ಟು ಹೊರಗೆ ಬಂದು ಎದೆ ಬಡಿದುಕೊಳ್ಳುತ್ತಿದ್ದರು. ಕೂಸು ಹುಟ್ಟಿದ ತಾರು ಕೊಡಲು ಹೋದಾಗಲೂ ಮೊದಲು ಅಳುವನ್ನೇ ಕೇಳಬೇಕು. ಒಂಬತ್ತು ವರ್ಷ ಇದನ್ನು ಕೇಳಿ ಕೇಳಿ, 1981ರ ಹೊತ್ತಿಗೆ, ಕಚೇರಿಯ ತಾರು ಯಂತ್ರ ಕಟಕಟ ಎಂದರೆ ಯಂಕೋಬನ ಎದೆಯೂ ಡವಡವ ಎನ್ನತೊಡಗಿತು. ನಿದ್ದೆ ಹಾರಿತು, ಅನ್ನ ಸೇರಲಿಲ್ಲ. ಮನೆತನದಲ್ಲೇ ಮೊದಲ ಸರ್ಕಾರಿ ನೌಕರಿ; ಅದನ್ನೇ ಬಿಡುತ್ತೇನೆಂದು ಹೆಂಡತಿ ಅಯ್ಯಮ್ಮನ ಮುಂದೆ ಹಟ ಹಿಡಿದ.

ಅಯ್ಯಮ್ಮ ಅವನನ್ನು ರಾಯಚೂರಿಗೆ ಕಳಿಸಿದಳು. ಡಾಕ್ಟರ್ ಜಾಹೆದಾ ಪರೀಕ್ಷೆ ಮಾಡಿ, "ಎದಿ ಗಟ್ಟಿ ಅದ. ದಿನಾ ಅಂಜಿ ಅಂಜಿ ಹಾರ್ಮೋನು ಹೆಚ್ಚಾಗೇದ. ಅದನ್ನ ಕಮ್ಮಿ ಮಾಡ್ಕೋ," ಎಂದರು. ಹೊರಗೆ ಸಾಲು ದೊಡ್ಡದಿತ್ತು. ಬಿಡಿಸಿ ಹೇಳಲು ಅವರಿಗೂ ಪುರುಸೊತ್ತಿರಲಿಲ್ಲ.

ಯಂಕೋಬನಿಗೆ ಗೊತ್ತಿದ್ದದ್ದು ಒಂದೇ ಹಾರ್ಮೋನಿ. ಶನಿವಾರ ಸಂಜೆ ಹನುಮಪ್ಪನ ಗುಡಿಯ ಭಜನೆಯಲ್ಲಿ ಅವನೇ ಬಾರಿಸುತ್ತಿದ್ದ ಪೆಟ್ಟಿಗೆ. ಡಾಕ್ಟರಿಗೆ ಇದು ಹೇಗೆ ತಿಳಿಯಿತೆಂದು ಅಚ್ಚರಿಯನ್ನೂ ಪಟ್ಟ ಪುಣ್ಯಾತ್ಮ. ಮನೆಗೆ ಬಂದವನೇ ಅದನ್ನು ಕೌದಿಯಲ್ಲಿ ಸುತ್ತಿ ಅಟ್ಟಕ್ಕೇರಿಸಿದ. ವಾರದಲ್ಲಿ ಅವನಿಗೆ ನೆಮ್ಮದಿ ಕೊಡುತ್ತಿದ್ದದ್ದು ಆ ಒಂದು ಸಂಜೆ, ಅದೂ ಹೋಯಿತು. ಎರಡು ತಿಂಗಳಲ್ಲಿ ಮಾತೇ ಕಡಿಮೆಯಾಯಿತು.

ಈ ಸಲ ಅಯ್ಯಮ್ಮ ತಾನೇ ರಾಯಚೂರಿಗೆ ಜೊತೆಗೆ ಬಂದಳು. "ಅಮ್ಮಾರ, ನೀವು ಹೇಳಿದಂಗ ಹಾರ್ಮೋನಿ ಪೂರಾ ಬಿಟ್ಟಾರ್ರೀ. ಭಜನಿಗೂ ಹೋಗವಲ್ಲರು. ಆದ್ರೂ ಕಮ್ಮಿ ಆಗವಲ್ದು."

ಜಾಹೆದಾ ನಗಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ತಪ್ಪು ನಂದದ, ಯಂಕೋಬ. ನಾ ಹೇಳಿದ್ದು ಮೈಯಾಗಿನ ಒಂದು ರಸ. ಅಂಜಿಕಿ ಆದಾಗ ಓಡಾಕ ಬಲ ಬರ್ಲಿ ಅಂತ ಮೈ ಅದನ್ನ ಬಿಡ್ತದ. ಅಂಜಿಕಿ ಹೋದ್ರ ಅದೂ ಇಳೀತದ. ನೀ ದಿನಾ ಅಂಜಾಕತ್ತಿ, ಇಳಿಯಾಕ ಹೊತ್ತೇ ಇಲ್ಲ. ಅದಕ್ಕ ನಿದ್ದಿ ಇಲ್ಲ, ಮನಸ್ಸು ಕುಸದದ. ಹೊತ್ತಿಗೆ ಸರಿಯಾಗಿ ಮಲಗು, ನಾಕು ಹೆಜ್ಜಿ ನಡಿ, ಹೆಂಡ್ತಿ ಕೂಡ ಮಾತಾಡು. ಎದಿ ಬಡಕೊಂಡಾಗ ಹಾರ್ಮೋನಿ ಗಾಳಿ ತಿದಿ ಒತ್ತಿದಂಗ ಮೆಲ್ಲಕ ಉಸಿರು ಬಿಡು. ಆ ಪೆಟ್ಟಿಗಿ ಇವತ್ತೇ ಕೆಳಗ ಇಳಸು."

ಯಂಕೋಬ ಅಲ್ಲೇ ಅತ್ತುಬಿಟ್ಟ. ನಾಚಿಕೆಯೂ ಇತ್ತು, ಅದಕ್ಕಿಂತ ಹೆಚ್ಚು ಸಮಾಧಾನವಿತ್ತು.

ಮರು ಬೇಸಿಗೆಯ ಹೊತ್ತಿಗೆ ನಿದ್ದೆ ತಿರುಗಿ ಬಂತು. ಎದೆಯ ಡವಡವ ಪೂರ್ತಿ ಹೋಗಲಿಲ್ಲ, ಆದರೆ ಹಿಡಿತಕ್ಕೆ ಸಿಕ್ಕಿತು. ಒಂದು ದಿನ ಮಸರಕಲ್‌ನ ಬೂದೆಮ್ಮನ ಹೆಸರಿಗೆ ತಾರು ಬಂತು. ಪುಣೆಯಲ್ಲಿದ್ದ ಅವಳ ತಮ್ಮ ತೀರಿಕೊಂಡಿದ್ದ. ಮುದುಕಿ ಸೈಕಲ್ಲು ನೋಡುತ್ತಲೇ ಎದೆಗೆ ಕೈ ಎತ್ತಿದಳು. ಹಿಂದೆಲ್ಲ ಯಂಕೋಬ ಕಾಗದ ಕೈಗೆ ತುರುಕಿ, ಹೆಬ್ಬೆಟ್ಟು ಒತ್ತಿಸಿಕೊಂಡು, ತಲೆ ತಗ್ಗಿಸಿ ಓಡಿಬಿಡುತ್ತಿದ್ದ. ಈಗ ಸೈಕಲ್ಲು ಗೋಡೆಗೆ ಆನಿಸಿ ಕಟ್ಟೆಯ ಮೇಲೆ ಅವಳ ಪಕ್ಕ ಕೂತ.

"ಯವ್ವಾ, ಮೊದಲ ಉಸಿರು ಬಿಡು. ನನ್ನ ಕೈ ನೋಡು."

ಅವನ ಎಡಗೈ ಬರೀ ಗಾಳಿಯಲ್ಲಿ ಮೆಲ್ಲಗೆ ತಿದಿ ಒತ್ತುತ್ತಿತ್ತು. ಬೂದೆಮ್ಮ ಆ ಕೈ ನೋಡುತ್ತ ಉಸಿರು ಬಿಟ್ಟಳು. ಆಮೇಲೆ ಸುದ್ದಿ ಹೇಳಿದ. ಅವಳು ಅತ್ತಳು, ಅವನು ಎದ್ದು ಹೋಗಲಿಲ್ಲ.

ಅಳು ತಗ್ಗಿದ ಮೇಲೆ ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು ಅವನ ಕಡೆ ತಿರುಗಿದಳು.

"ನನ್ನ ಗಂಡ ಸತ್ತಾಗೂ ತಾರು ನೀನೇ ತಂದಿದ್ದಿ, ಯಪ್ಪಾ. ಅವತ್ತ ನಿನ್ನ ಮುಖಾನೇ ಕಂಡಿದ್ದಿಲ್ಲ."