ಜಗಲಿಯಲ್ಲಿ ಬಿಚ್ಚಿಟ್ಟ ಬೂಟು

ಎಂಬತ್ತರ ದಶಕದ ಆರಂಭದಲ್ಲಿ ಮಣಿಪಾಲದಲ್ಲಿ ಪೋಲಿಯೋ ಆದ ಮಕ್ಕಳಿಗೆ ನಡಿಗೆ ಕಲಿಸುವುದು ನನ್ನ ಕೆಲಸವಾಗಿತ್ತು. ಮಗು ಎಷ್ಟರಮಟ್ಟಿಗೆ ಓಡಾಡಬಲ್ಲದು ಎಂದು ಅಳೆಯಲು ವಿದೇಶದಿಂದ ಬಂದ ಇಂಗ್ಲಿಷ್ ಪ್ರಶ್ನಾವಳಿಯೊಂದಿತ್ತು. ಅದನ್ನು ಕನ್ನಡಕ್ಕೆ ತರುವ ಹೊಣೆ ನನ್ನ ತಲೆಗೆ ಬಂತು. ಬಂತು ಎನ್ನುವುದು ಸುಳ್ಳು, ನಾನೇ ಮುಂದೆ ಬಿದ್ದು ತೆಗೆದುಕೊಂಡೆ. ನನಗಿಂತ ಚೆನ್ನಾಗಿ ಮಾಡುವವರು ಅಲ್ಲಿ ಯಾರೂ ಇಲ್ಲ ಎಂಬ ಧೈರ್ಯ ಆಗಲೂ ಇತ್ತು, ಈಗಲೂ ಇದೆ. ಸ್ನಾನದ ತೊಟ್ಟಿಗೆ ಇಳಿಯುವ ಪ್ರಶ್ನೆಯನ್ನು ತೆಗೆದು ಬಚ್ಚಲ ಕಲ್ಲಿನ ಮೇಲೆ ಕುಳಿತು ಏಳುವುದನ್ನು ಬರೆದೆ. ಕಾರು ಹತ್ತುವ ಪ್ರಶ್ನೆಯನ್ನು ಹೊಡೆದುಹಾಕಿ ಬಸ್ಸಿನ ಮೆಟ್ಟಿಲು ಇಟ್ಟೆ. ನಮ್ಮ ಕಂಡಕ್ಟರ್ "ರೈಟ್" ಎನ್ನುವುದರೊಳಗೆ ಹತ್ತಬಲ್ಲ ಮಗು ಯಾವ ದೇಶದ ಪರೀಕ್ಷೆಯನ್ನಾದರೂ ಗೆದ್ದೀತು.

ಹೀಗಿರುವಾಗ ಕಾಪುವಿನಿಂದ ಅಜ್ಜಿಯೊಬ್ಬರು ಮೊಮ್ಮಗಳನ್ನು ಕರೆತಂದರು. ಹುಡುಗಿಯ ಎರಡೂ ಕಾಲಿಗೆ ಕ್ಯಾಲಿಪರ್, ಅಂದರೆ ಇಕ್ಕೆಲಗಳಲ್ಲಿ ಕಬ್ಬಿಣದ ಸರಳು, ಚರ್ಮದ ಪಟ್ಟಿ, ಸರಳಿಗೇ ಕೂಡಿಸಿದ ಬೂಟು. ಕೈಗೆ ಎರಡು ಊರುಗೋಲು. ಮಗು ನಡೆಯುತ್ತದೆ ಎಂದು ಡಾಕ್ಟರು ಬರೆದುಕೊಟ್ಟರೆ ಮಾತ್ರ ಸೇರಿಸಿಕೊಳ್ಳುತ್ತೇನೆ ಎಂದು ಊರಿನ ಶಾಲೆಯ ಹೆಡ್ ಟೀಚರ್ ಹೇಳಿದ್ದರು. ಹಿಂದಿನ ವರ್ಷ ಬಾಗಿಲಿನಿಂದಲೇ ಹಿಂದೆ ಕಳಿಸಿದ್ದರು.

"ಮನೆಯೊಳಗೆ ನಡೆಯುತ್ತಾಳಾ?" ಎಂದು ಕೇಳಿದೆ.

"ಇಲ್ಲ, ಕುಳಿತುಕೊಂಡೇ ಸರಿಯುತ್ತಾಳೆ," ಎಂದರು ಅಜ್ಜಿ.

ಇಂಗ್ಲಿಷ್ ಪ್ರಶ್ನಾವಳಿಯ ಪ್ರಕಾರ ಕಥೆ ಅಲ್ಲಿಗೆ ಮುಗಿಯಿತು. ಒಳಗೆ ನಡೆಯದ ಮಗುವಿಗೆ ಹೊರಗಿನ ಪ್ರಶ್ನೆಗಳನ್ನು ಕೇಳುವ ಹಾಗಿಲ್ಲ, ನಡೆಯಲಾರದು ಎಂದು ಬರೆಯಬೇಕು. ಆದರೆ ಅವಳು ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದಿದ್ದಳು! ನನಗೆ ರೇಗಿತು. ಮನೆಯಲ್ಲಿ ಯಾಕೆ ನಡೆಯುವುದಿಲ್ಲ ಎಂದೆ.

"ಎಂತ ಕೇಳ್ತೀರಿ ಅಮ್ಮಾ? ಬೂಟು ಹಾಕಿಕೊಂಡು ಒಳಗೆ ಬರ್ಲಿಕ್ಕೆ ಉಂಟಾ? ದೇವರು ಇದ್ದಾರಲ್ವಾ! ಜಗಲಿಯಲ್ಲಿ ಬಿಚ್ಚಿಡ್ತಾಳೆ."

ಬೂಟು ಬಿಚ್ಚಿದರೆ ಸರಳೂ ಹೋಯಿತು. ಸರಳು ಹೋದರೆ ಅವಳು ನಿಲ್ಲಲಾರಳು.

ನಮ್ಮ ಹಿರಿಯ ಡಾಕ್ಟರು ಕಾರ್ಕಳದವರು. ಹೊರಗಿನ ಪ್ರಶ್ನೆಗಳನ್ನು ಮೊದಲಿಗೆ ತರುತ್ತೇನೆ ಎಂದು ಅವರಿಗೆ ಹೇಳಿದೆ. ಪದ ಬೇಕಾದರೆ ಬದಲಿಸಿ, ಪ್ರಶ್ನೆಗಳ ಕ್ರಮಕ್ಕೆ ಮಾತ್ರ ಕೈ ಹಾಕಬೇಡಿ ಎಂದರು.

"ಸರ್, ಕಾರ್ಕಳದ ಮನೆಯಲ್ಲಿ ಬೂಟು ಹಾಕಿಕೊಂಡು ಊಟಕ್ಕೆ ಕೂರ್ತೀರಾ?"

"ಅಮ್ಮ ಬಿಡಬೇಕಲ್ವಾ?"

"ಇವಳ ಅಜ್ಜಿಯೂ ಬಿಡುವುದಿಲ್ಲ."

ಅವರು ನಕ್ಕುಬಿಟ್ಟರು. "ಆಯ್ತು ಮಾರಾಯ್ತಿ, ಹೊರಗಿನದ್ದನ್ನು ಮೊದಲು ಕೇಳಿ. ಆದರೆ ಕಣ್ಣಾರೆ ನೋಡಿಕೊಂಡು ಬನ್ನಿ."

ಕಾಪುವಿಗೆ ಹೋದೆ. ಮನೆಯಿಂದ ಶಾಲೆಯವರೆಗೆ ತೆಂಗಿನ ತೋಟದ ನಡುವೆ ಮರಳಿನ ದಾರಿ. ನನ್ನ ಚಪ್ಪಲಿಯೊಳಗೆಲ್ಲ ಮರಳು ತುಂಬಿ ನಾನು ಹಿಂದೆ ಉಳಿದೆ. ಅವಳು ತಿರುಗಿ, "ಬೇಗ ಬನ್ನಿ ಟೀಚರ್," ಎಂದು ನನ್ನನ್ನೇ ಗದರಿಸಿದಳು. ಖುಷಿಯಿಂದ ಕಣ್ಣು ತುಂಬಿತು. ನಡೆಯುತ್ತಾಳೆ ಎಂಬ ಕಾಗದಕ್ಕೆ ಡಾಕ್ಟರು ಸಹಿ ಹಾಕಿಕೊಟ್ಟರು.

ಶಾಲೆ ಶುರುವಾದ ದಿನ ನಾನೂ ಹೋಗಿದ್ದೆ. ತರಗತಿಯ ಹೊರಗೆ ಮಕ್ಕಳ ಚಪ್ಪಲಿಗಳ ಸಾಲು. ಹುಡುಗಿ ಅದನ್ನು ನೋಡಿದವಳೇ ಮೆಟ್ಟಿಲ ಮೇಲೆ ಕುಳಿತು, ಮನೆಯಲ್ಲಿ ಮಾಡುವಂತೆ ಪಟ್ಟಿ ಬಿಚ್ಚತೊಡಗಿದಳು. ಬಿಚ್ಚಿದರೆ ಸರಿದುಕೊಂಡೇ ಒಳಗೆ ಹೋಗಬೇಕು. ಡಾಕ್ಟರ ಕಾಗದಕ್ಕೆ ಆಮೇಲೆ ಯಾರು ಬೆಲೆ ಕೊಡುತ್ತಾರೆ?

"ಹಾಕಿಕೊಂಡೇ ಬರಲಿ," ಎಂದೆ.

"ಬೂಟು ಒಳಗೆ ಇಲ್ಲ. ಎಲ್ಲ ಮಕ್ಕಳಿಗೂ ಒಂದೇ ನಿಯಮ," ಎಂದರು ಹೆಡ್ ಟೀಚರ್.

ಜಗಳಕ್ಕೆ ನಾನು ಸೆರಗು ಕಟ್ಟುವಷ್ಟರಲ್ಲಿ ಅಜ್ಜಿಯೇ ಮುಂದೆ ಬಂದರು.

"ಅದು ಬೂಟಲ್ಲ ಟೀಚರ್, ಅವಳ ಕಾಲು. ಕಾಲು ಹೊರಗೆ ಬಿಟ್ಟು ಬರ್ಲಿಕ್ಕೆ ಆಗ್ತದಾ?"

ಹಾಗೆಂದು ಮೆಟ್ಟಿಲ ಮೇಲೆ ಕುಳಿತು, ತಮ್ಮ ಸೆರಗಿನಿಂದ ಎರಡೂ ಬೂಟಿನ ಅಡಿಯನ್ನು ಒರೆಸಿದರು. ಹೆಡ್ ಟೀಚರ್ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಹುಡುಗಿ ಊರುಗೋಲು ಊರಿಕೊಂಡು ಒಳಗೆ ಹೋದಳು.

ಮುಂದಿನ ಸಲ ಮಣಿಪಾಲಕ್ಕೆ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದರು:

"ಈಗ ಮನೆಯೊಳಗೂ ನಡೀತಾಳೆ. ಬರೆದುಕೊಳ್ಳಿ."